ಮಯ್ಯತ್ತಿಗೆ ಸಿಗುವ ಕಾಗದ ಕೂಸಿಗೇಕಿಲ್ಲ?

ನಮ್ಮ ಕರಾವಳಿಯ ಒಬ್ಬ ಮನುಷ್ಯ ಕೊಲ್ಲಿ ದೇಶದಲ್ಲಿ ತೀರಿಕೊಂಡರೆ ಏನಾಗುತ್ತದೆಂದು ನಾವೆಲ್ಲರೂ ಬಲ್ಲೆವು. ಸುದ್ದಿ ಊರು ಮುಟ್ಟುವ ಮೊದಲೇ ಅಲ್ಲಿಯ ಜಮಾಅತಿನವರು, ಕನ್ನಡ ಸಂಘದವರು, ಮುಖಪರಿಚಯವೂ ಇಲ್ಲದ ಮಲಯಾಳಿ ಸಮಾಜಸೇವಕರು ಆಸ್ಪತ್ರೆಗೆ ಓಡುತ್ತಾರೆ. ಮರಣದ ದಾಖಲೆ, ಪೊಲೀಸರ ಒಪ್ಪಿಗೆ, ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ರದ್ದಾದ ಪಾಸ್‌ಪೋರ್ಟು, ವಿಮಾನದ ಚೀಟಿ, ಹೀಗೆ ಒಂದೊಂದಕ್ಕೂ ಒಂದೊಂದು ಕಚೇರಿ ಹತ್ತಿಳಿದು ಮಯ್ಯತ್ತನ್ನು ಊರಿಗೆ ಮುಟ್ಟಿಸುತ್ತಾರೆ. ಸತ್ತವನು ನಮಾಜು ಮಾಡುತ್ತಿದ್ದನೇ, ಕುಡಿಯುತ್ತಿದ್ದನೇ, ಯಾರದಾದರೂ ಸಾಲ ಮುಳುಗಿಸಿದ್ದನೇ ಎಂದು ಯಾರೂ ಕೇಳುವುದಿಲ್ಲ. ಇದು ನಮ್ಮ ಜನರ ದೊಡ್ಡ ಗುಣ. ಇದನ್ನು ಹೊಗಳಲು ನಮಗೆ ಯಾವ ಸಂಕೋಚವೂ ಇಲ್ಲ.

ಅದೇ ಆಸ್ಪತ್ರೆಯ ಇನ್ನೊಂದು ಮಹಡಿಯಲ್ಲಿ, ಅದೇ ಕರಾವಳಿಯ ಒಬ್ಬ ಹೆಣ್ಣು ಮದುವೆಯಿಲ್ಲದೆ ಹೆತ್ತರೆ? ಆಗ ಜಮಾಅತಿನ ಫೋನು ಎತ್ತುವವರಿಲ್ಲ. ಸಂಘದ ಕಾರ್ಯದರ್ಶಿಗೆ ಬಿಡುವಿಲ್ಲ. ಸತ್ತವನಿಗೆ ಅಷ್ಟೆಲ್ಲ ಕಾಗದ ಕೂಡಿಸಿಕೊಡುವ ಕೈಗಳು ಹುಟ್ಟಿದ ಕೂಸಿಗೆ ಒಂದು ಅರ್ಜಿ ಬರೆಯಲು ಮುಂದೆ ಬರುವುದಿಲ್ಲ. ಸತ್ತವನ ಪಾಪವನ್ನು ಲೆಕ್ಕಿಸದ ನಾವು ಇನ್ನೂ ಕಣ್ಣು ಬಿಡದ ಕೂಸಿನ ತಲೆಗೆ ಅದರ ಹೆತ್ತವರ ಪಾಪವನ್ನು ಕಟ್ಟುವುದೇಕೆ? ಈ ಲೇಖನದ ಪ್ರಶ್ನೆ ಇದೊಂದೇ.

ಕಾರವಾರ ಪೇಟೆಯಿಂದ ಅಂಕೋಲೆಯ ದಾರಿ ಹಿಡಿದು ಸುರಂಗ ದಾಟಿದರೆ ಬಿಣಗಾ. ಅಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆ, ಮುಂದೆ ಅರ್ಗಾದಲ್ಲಿ ನೌಕಾನೆಲೆ. ಆ ಕಡೆಯ ಒಬ್ಬ ಹೆಣ್ಣುಮಗಳು ಐದು ತಿಂಗಳ ಕೂಸನ್ನು ಎತ್ತಿಕೊಂಡು, ತನ್ನ ಮುದಿ ತಾಯಿಯೊಂದಿಗೆ ಒಂದು ಸಂಜೆ ನಮ್ಮ ಮನೆಗೆ ಬಂದಳು. ನಾವು ಕತೆ ಬರೆಯುವವರೆಂಬುದು ಆಕೆಗೆ ಗೊತ್ತಿರಲಿಲ್ಲ. ಅರ್ಜಿ ಬರೆದುಕೊಡುತ್ತಾರೆ, ಉರ್ದು ಓದುತ್ತಾರೆ ಎಂದು ಯಾರೋ ಹೇಳಿದ್ದರು.

"ಮಾಸ್ತರ್ರೇ, ಇದರಲ್ಲಿ ಏನು ಬರೆದಿದೆ, ಸ್ವಲ್ಪ ನೋಡಿ ಹೇಳಿ" ಎಂದು ಪ್ಲಾಸ್ಟಿಕ್ ಚೀಲದಿಂದ ಒಂದು ಕಾಗದ ತೆಗೆದುಕೊಟ್ಟಳು. ಅದು ಕೊಲ್ಲಿಯ ಒಂದು ಪಟ್ಟಣದ ಜನನ ಪತ್ರ. ಅರಬ್ಬಿಯಲ್ಲಿತ್ತು. ಉರ್ದು ಶಾಲೆಯಲ್ಲಿ ಕೂತವರಾದ್ದರಿಂದ ಅಕ್ಷರ ಕೂಡಿಸಿ ಓದಿದೆವು. ಕೂಸಿನ ಹೆಸರಿತ್ತು, ತಾಯಿಯ ಹೆಸರಿತ್ತು, ತಾರೀಖು ಇತ್ತು. ತಂದೆಯ ಹೆಸರಿನ ಜಾಗದಲ್ಲಿ ಒಂದು ಅಡ್ಡಗೆರೆ.

ಆಕೆಯ ಕತೆ ಹೊಸದೇನಲ್ಲ. ಮನೆಗೆಲಸಕ್ಕೆಂದು ಹೋದವಳು. ಆತನೂ ನಮ್ಮ ಕರಾವಳಿಯವನೇ, ಅಲ್ಲಿ ಡ್ರೈವರು. ಮದುವೆಯಾಗುತ್ತೇನೆಂದ. ವಿಷಯ ತಿಳಿದ ವಾರಕ್ಕೆ ಕೆಲಸ ಬದಲಿಸಿದ, ಮರುವಾರ ಫೋನ್ ನಂಬರು ಬದಲಿಸಿದ. ಹೆರಿಗೆಯಾದ ಮೇಲೆ ಕೂಸಿನ ಪಾಸ್‌ಪೋರ್ಟಿಗಾಗಿ ನಮ್ಮ ದೇಶದ ಕೌಂಟರಿಗೆ ಹೋದರೆ, ಮದುವೆಯ ಪತ್ರ ತನ್ನಿ ಎಂದು ಎರಡು ಸಲ ವಾಪಸು ಕಳಿಸಿದರು. ಮೂರನೆಯ ಸಲ ಕುರ್ಚಿಯಲ್ಲಿ ಬೇರೊಬ್ಬರಿದ್ದರು. ಅವರು ಒಮ್ಮೆ ಊರಿಗೆ ಹೋಗಲು ಮಾತ್ರ ಸಾಕಾಗುವ ತುರ್ತು ಪ್ರಯಾಣ ಪತ್ರ ಮಾಡಿಕೊಟ್ಟರು. ಕಾನೂನು ಒಂದೇ, ಕುರ್ಚಿಯಲ್ಲಿ ಕೂತವರು ಬೇರೆ. ನಮ್ಮ ದೇಶದಲ್ಲಿ ಬಡವರ ಹಣೆಬರಹ ಇಷ್ಟರ ಮೇಲೆ ನಿಂತಿದೆ.

ಊರಿಗೆ ಬಂದು 41 ದಿನಗಳಾಗಿದ್ದವು. ಇಲ್ಲಿಯ ಒಂದು ಕಚೇರಿಯಲ್ಲಿ ಜನನ ದಾಖಲೆ ಮಾಡಿಸಲು ಹೋದಾಗ ಸಿಕ್ಕ ಉತ್ತರ ಇದು: "ಗಂಡನ ಹೆಸರಿಲ್ಲದೆ ಫಾರಂ ಪೂರ್ತಿ ಆಗೋದಿಲ್ಲ. ಯಾರದ್ದಾದರೂ ಒಂದು ಹೆಸರು ಹಾಕಿಸಿಕೊಂಡು ಬನ್ನಿ." ಸಂಬಂಧಿಕರಲ್ಲಿ ಒಬ್ಬ ಹಿತೈಷಿ ಅಕ್ಕನ ಗಂಡನ ಹೆಸರೇ ಹಾಕಿಬಿಡೋಣ ಎಂದಿದ್ದನಂತೆ. ಮುದುಕಿ ಅಷ್ಟು ಹೊತ್ತು ಸುಮ್ಮನಿದ್ದವಳು ಈಗ ಬಾಯಿಬಿಟ್ಟಳು: "ತಪ್ಪು ನನ್ನ ಮಗಳದ್ದೇ ಇರಲಿ ಮಾಸ್ತರ್ರೇ. ಈ ಕೂಸು ಯಾರಿಗೆ ಏನು ಮಾಡಿದೆ?"

ಆಕೆಯ ಜಾತಿ, ಧರ್ಮ ಯಾವುದೆಂದು ನಾವು ಬರೆಯುವುದಿಲ್ಲ. ಬರೆದರೆ ಓದುಗರಲ್ಲಿ ಅರ್ಧ ಮಂದಿ 'ನಮ್ಮವಳಲ್ಲ' ಎಂದು ಹಗುರಾಗಿ ಪುಟ ತಿರುವುತ್ತಾರೆ. ಉಳಿದ ಅರ್ಧ ಮಂದಿ 'ನಮ್ಮ ಮಾನ ತೆಗೆದರು' ಎಂದು ನಮ್ಮ ಮೇಲೆ ಬೀಳುತ್ತಾರೆ. ಎರಡೂ ಬೇಡ. ಆಕೆ ನಮ್ಮ ಜಿಲ್ಲೆಯವಳು. ಕೂಸು ಈ ದೇಶದ್ದು. ಇಷ್ಟು ಸಾಕು.

ಬಿಣಗಾದವರಿಗೆ ಕಾಗದದ ಮಹಿಮೆಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿತ್ತು. 2005ರ ಮೇ 31ರಂದು ಐಎನ್ಎಸ್ ಕದಂಬ ಆರಂಭವಾಯಿತು. ನಡುವಿನ ಆ ವರ್ಷಗಳಲ್ಲಿ ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಎಲ್ಲವನ್ನೂ ಬಿಟ್ಟು ಎದ್ದುಹೋದವು. ಪಹಣಿಯಲ್ಲಿ ಯಾರ ಹೆಸರು, ರೇಶನ್ ಕಾರ್ಡಿನಲ್ಲಿ ಯಾರ ಹೆಸರು ಎಂಬುದರ ಮೇಲೆ ಪರಿಹಾರ ನಿಂತಿತ್ತು. ತಲೆಮಾರುಗಳಿಂದ ಉತ್ತವನು ಹೆಸರಿಲ್ಲದೆ ಕೈ ಖಾಲಿ ಮಾಡಿಕೊಂಡು ನಿಂತದ್ದನ್ನು ಈ ದಂಡೆಯ ಮುದುಕರು ಇಂದಿಗೂ ಹೇಳುತ್ತಾರೆ. ಕಾಗದದಲ್ಲಿಲ್ಲದವನು ಕಣ್ಣೆದುರಿಗೆ ನಿಂತರೂ ಇಲ್ಲದವನೇ ಎಂಬುದನ್ನು ಕಲಿತ ನೆಲವೇ ಒಂದು ಕೂಸನ್ನು ಕಾಗದವಿಲ್ಲದೆ ಬಿಡುವುದೆಂದರೆ ಏನು ಹೇಳೋಣ?

ಕಾನೂನು ಏನು ಹೇಳುತ್ತದೆಂದು ಈಗ ನೋಡೋಣ. ಏಕೆಂದರೆ ಕೌಂಟರಿನಲ್ಲಿ ಕೂತವರು ಕಾನೂನಿನ ಹೆಸರಿನಲ್ಲಿಯೇ ಬಾಗಿಲು ಮುಚ್ಚುತ್ತಾರೆ.

1955ರ ಪೌರತ್ವ ಕಾಯಿದೆಯ 4ನೇ ಕಲಮು ವಿದೇಶದಲ್ಲಿ ಹುಟ್ಟಿದ ಮಕ್ಕಳಿಗೆ ಸಂಬಂಧಿಸಿದ್ದು. ಮೊದಲು ಅದರಲ್ಲಿ ತಾಯಿಗೆ ಸ್ಥಾನವೇ ಇರಲಿಲ್ಲ. ತಂದೆ ಭಾರತೀಯನಾದರೆ ಮಾತ್ರ ಮಗು ಭಾರತೀಯ. 1992ರ ಡಿಸೆಂಬರ್ 10ರಿಂದ ಜಾರಿಗೆ ಬಂದ ತಿದ್ದುಪಡಿ ಇದನ್ನು ಬದಲಿಸಿತು. ಅಂದಿನಿಂದ ತಂದೆ ತಾಯಿ ಇಬ್ಬರಲ್ಲಿ ಒಬ್ಬರು ಭಾರತೀಯರಾಗಿದ್ದರೂ ಮಗುವಿಗೆ ವಂಶದ ಮೂಲಕ ಪೌರತ್ವವಿದೆ. ಗಮನಿಸಬೇಕಾದ ಸಂಗತಿಯೆಂದರೆ, ಆ ಕಲಮಿನಲ್ಲಿ ಮದುವೆ ಎಂಬ ಮಾತೇ ಇಲ್ಲ. ಅದರ ಮರುದಿನವೇ, ಎಂದರೆ ಡಿಸೆಂಬರ್ 11ರಂದು, ಭಾರತವು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಸೇರಿತು. ಹುಟ್ಟಿದ ಕೂಡಲೇ ನೋಂದಣಿ, ಹೆಸರು, ರಾಷ್ಟ್ರೀಯತೆ ಮಗುವಿನ ಹಕ್ಕು ಎಂದು ಅದರ 7ನೇ ವಿಧಿ ಹೇಳುತ್ತದೆ.

2004ರ ಡಿಸೆಂಬರ್ 3ರಿಂದ ಒಂದು ಷರತ್ತು ಸೇರಿತು. ಹುಟ್ಟಿದ ಒಂದು ವರ್ಷದೊಳಗೆ ಭಾರತೀಯ ಕಾನ್ಸುಲೇಟಿನಲ್ಲಿ ಜನನ ನೋಂದಣಿಯಾಗಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟು ಇಲ್ಲವೆಂದು ಹೆತ್ತವರು ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರಕಾರದ ಅನುಮತಿ ಬೇಕು. ಸಾಮಾನ್ಯವಾಗಿ ಎಲ್ಲರೂ ಎಡವುವುದು ಇಲ್ಲಿಯೇ. ಮಗುವಿನ ತಾಯಿ ಭಾರತೀಯಳು, ಇನ್ನೇನು ಬೇಕು ಎಂದು ಕೂತರೆ ವರ್ಷ ಕಳೆದುಹೋಗುತ್ತದೆ.

ಇನ್ನೊಂದು ಕಾಯಿದೆ 1969ರ ಜನನ ಮರಣ ನೋಂದಣಿ ಕಾಯಿದೆ. ವಿದೇಶದಲ್ಲಿ ಹುಟ್ಟಿದ ಮಗುವಿನ ನೋಂದಣಿ ಅಲ್ಲಿಯ ಕಾನ್ಸುಲೇಟಿನ ಮೂಲಕ ಆಗಿಲ್ಲದಿದ್ದು, ಹೆತ್ತವರು ಇಲ್ಲಿಯೇ ನೆಲೆಸಲೆಂದು ಮರಳಿದರೆ, ಮಗು ಭಾರತಕ್ಕೆ ಬಂದ 60 ದಿನಗಳೊಳಗೆ ಇಲ್ಲಿಯೇ ಹುಟ್ಟಿದ ಮಗುವಿನಂತೆ ನೋಂದಾಯಿಸಬಹುದು ಎಂದು ಅದರ 20ನೇ ಕಲಮು ಹೇಳುತ್ತದೆ. ಗಡುವು ಮೀರಿದರೂ ದಾರಿ ಮುಚ್ಚುವುದಿಲ್ಲ. ತಡವಾದ ನೋಂದಣಿಯ 13ನೇ ಕಲಮು ಇದೆ, ಆದರೆ ಓಡಾಟ ಹೆಚ್ಚುತ್ತದೆ. ಒಂದು ದಾಖಲೆ ಪೌರತ್ವದ್ದು, ಇನ್ನೊಂದು ಹುಟ್ಟಿನದ್ದು. ಒಂದಕ್ಕೆ ಒಂದು ವರ್ಷ, ಇನ್ನೊಂದಕ್ಕೆ 60 ದಿನ. ಒಂದು ಮಾಡಿಸಿದರೆ ಇನ್ನೊಂದು ತಾನಾಗಿ ಆಗುತ್ತದೆಂದು ಯಾರೂ ತಿಳಿಯಬಾರದು.

ಮದುವೆಯಿಲ್ಲದ ತಾಯಿಯ ಹಕ್ಕಿನ ಬಗ್ಗೆಯೂ ಕಾನೂನು ಮೂಕವಾಗಿಲ್ಲ. 2015ರ ಜುಲೈ 6ರಂದು ಸುಪ್ರೀಂ ಕೋರ್ಟು ದಿಲ್ಲಿಯ ಒಬ್ಬ ಅವಿವಾಹಿತ ತಾಯಿಯ ಪ್ರಕರಣದಲ್ಲಿ ಸ್ಪಷ್ಟವಾಗಿ ತೀರ್ಪಿತ್ತಿತು. ಒಂಟಿ ತಾಯಿ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಜನನ ಪತ್ರ ಕೇಳಿದರೆ ಅಧಿಕಾರಿಗಳು ಆಕೆಯಿಂದ ಒಂದು ಅಫಿಡವಿಟ್ ಮಾತ್ರ ಪಡೆದು ಪತ್ರ ಕೊಡಬೇಕು, ತಂದೆಯ ಹೆಸರಿಗಾಗಿ ಪೀಡಿಸುವಂತಿಲ್ಲ. 2016ರ ಡಿಸೆಂಬರಿನಲ್ಲಿ ವಿದೇಶಾಂಗ ಇಲಾಖೆ ಪಾಸ್‌ಪೋರ್ಟ್ ಅರ್ಜಿಯಲ್ಲಿ ಒಬ್ಬರೇ ಪೋಷಕರ ಹೆಸರು ಸಾಕೆಂದಿತು, ಮದುವೆಯ ಹೊರಗೆ ಹುಟ್ಟಿದ ಮಕ್ಕಳಿಗೆ ಪ್ರತ್ಯೇಕ ಘೋಷಣೆಯ ನಮೂನೆ ಮಾಡಿತು. 2022ರ ಜುಲೈಯಲ್ಲಿ ಕೇರಳ ಹೈಕೋರ್ಟು ಇಂಥದೇ ಪ್ರಕರಣದಲ್ಲಿ ಮಹಾಭಾರತದ ಕರ್ಣನ ನೋವನ್ನು ನೆನೆಯುತ್ತ, ತಾಯಿಯ ಹೆಸರೊಂದನ್ನೇ ದಾಖಲೆಯಲ್ಲಿ ಉಳಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. 2023ರ ತಿದ್ದುಪಡಿಯಂತೂ ಜನನ ನೋಂದಣಿಯ ಕಾಯಿದೆಯಲ್ಲಿಯೇ ಒಂಟಿ ಪೋಷಕರು ಮತ್ತು ಅವಿವಾಹಿತ ತಾಯಿ ಎಂಬ ಮಾತುಗಳನ್ನು ಸೇರಿಸಿತು. ನಮ್ಮ ವಿಧಾನಮಂಡಲ 2025ರ ಆಗಸ್ಟಿನಲ್ಲಿ ಅಂಗೀಕರಿಸಿದ ದೇವದಾಸಿ ಪದ್ಧತಿ ಕುರಿತ ಮಸೂದೆಯೂ ಆ ಮಕ್ಕಳ ದಾಖಲೆಗಳಿಗೆ ತಂದೆಯ ಹೆಸರು ಕಡ್ಡಾಯವಲ್ಲವೆಂದಿತು.

ಇಷ್ಟೆಲ್ಲ ಆದ ಮೇಲೂ 'ಯಾರದ್ದಾದರೂ ಒಂದು ಹೆಸರು ಹಾಕಿಸಿಕೊಂಡು ಬನ್ನಿ' ಎಂದರೆ ಏನರ್ಥ? ಕಾನೂನು ಸತ್ಯ ಬರೆಯಲು ಅವಕಾಶ ಕೊಟ್ಟಿದೆ, ಕಚೇರಿ ಸುಳ್ಳು ಬರೆಯಲು ಹೇಳುತ್ತದೆ. ಆ ಸುಳ್ಳಿನ ಮೇಲೆ ನಾಳೆ ಪಾಸ್‌ಪೋರ್ಟು ಮಾಡಿಸಿದರೆ ಜೈಲಿಗೆ ಹೋಗುವವಳು ತಾಯಿಯೇ ಹೊರತು ಸಲಹೆ ಕೊಟ್ಟ ಗುಮಾಸ್ತನಲ್ಲ.

2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಜನನ ಪತ್ರದ ಬೆಲೆ ಹಿಂದಿನಂತಿಲ್ಲ ಎಂಬುದನ್ನೂ ನೆನಪಿಡಬೇಕು. ಶಾಲೆ, ಮತದಾರರ ಪಟ್ಟಿ, ಆಧಾರ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟು, ಮದುವೆಯ ನೋಂದಣಿ, ಸರಕಾರಿ ನೌಕರಿ ಎಲ್ಲಕ್ಕೂ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಅದೇ ಆಧಾರ. ಹಿಂದೆ ಹೆಡ್‌ಮಾಸ್ತರರು ಅಂದಾಜಿನ ಮೇಲೆ ಜೂನ್ 1 ಎಂದು ಬರೆದುಕೊಂಡು ನಮ್ಮಂಥವರನ್ನು ಶಾಲೆಗೆ ಸೇರಿಸಿಕೊಂಡರು. ಈ ಕೂಸಿಗೆ ಆ ಭಾಗ್ಯವಿಲ್ಲ.

ಇನ್ನು ಕೊಲ್ಲಿಯ ಕಡೆ ಬರೋಣ. ಅಲ್ಲಿ ಬಹುಕಾಲ ಮದುವೆಯ ಹೊರಗಿನ ಬಸಿರು ನೇರ ಅಪರಾಧವೇ ಆಗಿತ್ತು. ಕುವೈತ್, ಕತಾರ್, ಸೌದಿ ಅರೇಬಿಯಾಗಳಲ್ಲಿ ಇಂದಿಗೂ ಮದುವೆಯ ಹೊರಗಿನ ಸಂಬಂಧ ಶಿಕ್ಷಾರ್ಹ. ಯುಎಇಯಲ್ಲಿ 2022ರ ಜನವರಿ 2ರಿಂದ ಹೊಸ ದಂಡಸಂಹಿತೆ ಬಂತು. ಅದರಂತೆ ಹೆತ್ತವರು ಮದುವೆಯಾಗಬೇಕು, ಇಲ್ಲವೇ ಇಬ್ಬರೂ ಸೇರಿ ಅಥವಾ ಒಬ್ಬರಾದರೂ ಮಗುವನ್ನು ಒಪ್ಪಿಕೊಂಡು, ತಮ್ಮ ದೇಶದ ಕಾನೂನಿನ ಪ್ರಕಾರ ಅದಕ್ಕೆ ಗುರುತಿನ ಪತ್ರ ಮತ್ತು ಪ್ರಯಾಣದ ಪತ್ರ ಮಾಡಿಸಬೇಕು. ಮಾಡಿಸಿದರೆ ಮೊಕದ್ದಮೆಯಿಲ್ಲ. ಮಾಡಿಸದಿದ್ದರೆ ಜೈಲು. ಅದೇ ವರ್ಷ ಬಂದ ಜನನ ನೋಂದಣಿಯ ಕಾನೂನು ತಾಯಿಯೊಬ್ಬಳೇ ಅರ್ಜಿ ಹಾಕಿ ಜನನ ಪತ್ರ ಪಡೆಯಲು ದಾರಿ ಮಾಡಿತು. 2024ರ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಕೊಟ್ಟ ಕ್ಷಮಾದಾನದಲ್ಲಿ ಅಲ್ಲಿ ಹುಟ್ಟಿ ದಾಖಲೆಯಿಲ್ಲದೆ ಉಳಿದ ಮಕ್ಕಳನ್ನೂ ಸೇರಿಸಿತ್ತು.

ಇದರ ಅರ್ಥವನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಶರೀಅತ್ತಿನ ನಾಡೆಂದು ನಾವು ಹೇಳುವ ದೇಶ, ನಿಮ್ಮ ದೇಶದ ಕಾಗದ ತಂದರೆ ಬಿಡುತ್ತೇವೆ ಎನ್ನುತ್ತಿದೆ. ಸೆಕ್ಯುಲರ್ ಎಂದು ನಾವು ಬೀಗುವ ದೇಶದ ಕೌಂಟರು, ಮದುವೆಯ ಪತ್ರ ತನ್ನಿ ಎನ್ನುತ್ತಿದೆ. ಹೀಗೆ ಹಿಂದಕ್ಕೆ ಕಳಿಸಿದ ಹೆಣ್ಣು ಅಲ್ಲಿ ಜೈಲು ಕಂಡರೆ, ಆಕೆಯನ್ನು ಜೈಲಿಗೆ ಕಳಿಸಿದ್ದು ಅಲ್ಲಿಯ ಖಾಜಿಯೋ ಇಲ್ಲಿಯ ಗುಮಾಸ್ತನೋ?

ಮದುವೆಯ ಪತ್ರ ಇದ್ದವರ ಪಾಡೂ ಕೇಳಿ. ಕೇರಳದ ಒಂದು ದಂಪತಿ, ತಂದೆ ಹಿಂದೂ, ತಾಯಿ ಮುಸ್ಲಿಂ. 2016ರಲ್ಲಿ ಕೇರಳದಲ್ಲಿ ಕಾನೂನಿನಂತೆ ಮದುವೆಯಾದವರು. 2018ರಲ್ಲಿ ಅಬುಧಾಬಿಯಲ್ಲಿ ಹೆಣ್ಣುಮಗು ಹುಟ್ಟಿತು. ಮುಸ್ಲಿಂ ಹೆಣ್ಣು ಮುಸ್ಲಿಮೇತರನನ್ನು ಮದುವೆಯಾಗುವುದನ್ನು ಅಲ್ಲಿಯ ಕಾನೂನು ಒಪ್ಪದ ಕಾರಣ ಜನನ ಪತ್ರ ಸಿಗಲಿಲ್ಲ. ಭಾರತದ ರಾಯಭಾರ ಕಚೇರಿ ಔಟ್‌ಪಾಸ್ ಕೊಟ್ಟಿತು. ಆದರೆ ಹುಟ್ಟಿದ್ದಕ್ಕೇ ದಾಖಲೆಯಿಲ್ಲವೆಂದು ವಲಸೆ ವಿಭಾಗ ಮಗುವನ್ನು ಹೊರಗೆ ಬಿಡಲಿಲ್ಲ. ಕೊನೆಗೆ 2019ರ ಏಪ್ರಿಲಿನಲ್ಲಿ ವಿಶೇಷ ಪ್ರಕರಣವೆಂದು ಪರಿಗಣಿಸಿ ಪತ್ರ ಕೊಟ್ಟರು. ಒಂದು ದೇಶದಲ್ಲಿ ಗಂಡಹೆಂಡಿರಾದವರು ಇನ್ನೊಂದು ದೇಶದ ಕಣ್ಣಿಗೆ ಅವಿವಾಹಿತರು. ಹಾಗಾದರೆ ಆ ಮಗು ಯಾವ ಗಡಿಯಲ್ಲಿ ಸಕ್ರಮ, ಯಾವ ಗಡಿಯಲ್ಲಿ ಅಕ್ರಮ?

ನಮ್ಮ ಹೈಕೋರ್ಟಿನ ಒಂದು ಪ್ರಕರಣವೂ ಇದೆ. ತಾಯಿ ಭಾರತೀಯಳು, ತಂದೆ ಪಾಕಿಸ್ತಾನಿ. ದುಬೈಯಲ್ಲಿ ಮದುವೆ, ಅಲ್ಲಿಯೇ ತಲಾಖ್, ಮಕ್ಕಳ ಪಾಲನೆ ತಾಯಿಗೆ. ಮಕ್ಕಳ ಕೈಯಲ್ಲಿದ್ದದ್ದು ಪಾಕಿಸ್ತಾನದ ಪಾಸ್‌ಪೋರ್ಟು. ಅದನ್ನು ಒಪ್ಪಿಸಿ ತಾಯಿಯೊಂದಿಗೆ ಇಲ್ಲಿಗೆ ಬಂದರು. ಆದರೆ 21 ತುಂಬುವವರೆಗೆ ಆ ದೇಶದ ಪೌರತ್ವ ತ್ಯಜಿಸಲು ಅಲ್ಲಿಯ ಕಾನೂನು ಬಿಡುವುದಿಲ್ಲ. 2024ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ಮಕ್ಕಳಿಗೆ ಭಾರತದ ಪೌರತ್ವ ಕೊಡಿಸಲು ಬರುವುದಿಲ್ಲವೆಂದಿತು. ಇದು ಮದುವೆಯಾದ ತಾಯಿಯ ಕತೆ, ನಿಜ. ಆದರೆ ಪಾಠ ಎಲ್ಲ ತಾಯಂದಿರಿಗೂ ಒಂದೇ. ಎಳೆಯ ವಯಸ್ಸಿನಲ್ಲಿ ಮಗುವಿನ ಹೆಸರಿಗೆ ಯಾವ ಕಾಗದ ಬೀಳುತ್ತದೋ ಅದು ಅದರ ಯೌವನದವರೆಗೆ ಬೆನ್ನು ಬಿಡುವುದಿಲ್ಲ. ಆದ್ದರಿಂದಲೇ ಮೊದಲ ವರ್ಷದ ಒಂದು ಅರ್ಜಿಯ ಬಗ್ಗೆ ನಾವು ಇಷ್ಟು ಬರೆಯುತ್ತಿದ್ದೇವೆ.

ಈಗ ನಮ್ಮವರ ಆಕ್ಷೇಪಕ್ಕೆ ಬರೋಣ. ಮಸೀದಿಯ ಜಗಲಿಯಲ್ಲಿ ಕೂತ ಹಿರಿಯರು ಹೇಳುತ್ತಾರೆ: ಇಂಥವರಿಗೆ ಕಾಗದ ಮಾಡಿಸಿಕೊಟ್ಟರೆ ಹರಾಮಿಗೆ ಪ್ರೋತ್ಸಾಹ ಕೊಟ್ಟಂತಾಗುತ್ತದೆ. ಒಂದು ಜನನ ಪತ್ರದ ಆಸೆಗೆ ಯಾವ ಹೆಣ್ಣೂ ಪರದೇಶದಲ್ಲಿ ಒಂಟಿಯಾಗಿ ಹೆರುವುದಿಲ್ಲ ಸ್ವಾಮಿ. ಅದಿರಲಿ, ದೀನಿನ ಮಾತನ್ನೇ ತೆಗೆದುಕೊಳ್ಳೋಣ.

ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲವೆಂದು ಕುರ್‌ಆನ್ ಒಂದು ಸಲವಲ್ಲ, ಹಲವು ಸಲ ಹೇಳುತ್ತದೆ. ಸೂರಃ ಅಹ್‌ಜಾಬಿನ 5ನೇ ಆಯತ್ತು ಇನ್ನೂ ನೇರವಾಗಿದೆ. ಮಕ್ಕಳನ್ನು ಅವರ ನಿಜವಾದ ತಂದೆಯ ಹೆಸರಿನಿಂದ ಕರೆಯಿರಿ, ತಂದೆ ಯಾರೆಂದು ತಿಳಿಯದಿದ್ದರೆ ಅವರು ದೀನಿನಲ್ಲಿ ನಿಮ್ಮ ಸಹೋದರರು ಎಂಬುದು ಅದರ ಸಾರ. ದತ್ತು ಮಕ್ಕಳ ವಿಷಯದಲ್ಲಿ ಬಂದ ಆಯತ್ತು ಇದು. ಆದರೆ ಅದರ ನ್ಯಾಯ ನಮ್ಮ ಮುಂದಿನ ಪ್ರಶ್ನೆಗೂ ಸಲ್ಲುತ್ತದೆ. ಸುಳ್ಳು ತಂದೆಯ ಹೆಸರು ಹಚ್ಚುವುದನ್ನು ಕುರ್‌ಆನ್ ತಡೆಯುತ್ತದೆ. ತಂದೆಯಿಲ್ಲದವನನ್ನು ಸಹೋದರನೆನ್ನುತ್ತದೆ. ನಾವು ಏನು ಮಾಡುತ್ತೇವೆ? ಖಾನ್‌ದಾನಿನ ಇಜ್ಜತ್ತಿಗಾಗಿ ಅಕ್ಕನ ಗಂಡನ ಹೆಸರು ಬರೆಸುತ್ತೇವೆ, ನಿಜ ಹೇಳಿದವಳ ಕೂಸನ್ನು ಹರಾಮಿ ಎನ್ನುತ್ತೇವೆ. ತಡೆದದ್ದನ್ನು ಮಾಡಿ ಹೇಳಿದ್ದನ್ನು ಬಿಟ್ಟದ್ದಕ್ಕೆ ಮಾನ ಎಂದು ಹೆಸರಿಟ್ಟಿದ್ದೇವೆ.

ಗಾಮಿದಿ ಹೆಣ್ಣಿನ ಹದೀಸನ್ನು ಎಲ್ಲ ಮೌಲವಿಗಳೂ ಓದಿರುತ್ತಾರೆ. ಬಸಿರಿಯಾದ ಆಕೆ ತಾನೇ ಬಂದು ತಪ್ಪೊಪ್ಪಿಕೊಂಡಾಗ ಪ್ರವಾದಿಯವರು ಹೆರಿಗೆಯಾಗಲೆಂದು ಆಕೆಯನ್ನು ಹಿಂದೆ ಕಳಿಸಿದರು. ಹೆತ್ತು ಬಂದಾಗ, ಮಗು ಮೊಲೆ ಬಿಟ್ಟು ಅನ್ನ ತಿನ್ನುವವರೆಗೆ ಮತ್ತೆ ಹಿಂದೆ ಕಳಿಸಿದರು. ಆ ಹದೀಸಿನ ಕೊನೆಯ ಶಿಕ್ಷೆಯನ್ನು ಮಾತ್ರ ಮಿಂಬರಿನಿಂದ ಕೇಳಿಸುವವರು ನಡುವಿನ ಆ ವರ್ಷಗಳನ್ನು ಏಕೆ ನುಂಗುತ್ತಾರೆ? ಅಲ್ಲಿ ದಂಡಕ್ಕಿಂತ ಮೊದಲು ಕೂಸಿನ ಹಾಲಿದೆ. ಸೂರಃ ನೂರ್ ನಾಲ್ವರು ಸಾಕ್ಷಿಗಳಿಲ್ಲದೆ ಹೆಣ್ಣಿನ ಶೀಲದ ಮೇಲೆ ಮಾತಾಡಿದವರಿಗೆ 80 ಛಡಿಯೇಟು ಹೇಳಿದೆ. ನಮ್ಮ ಚಹಾ ಅಂಗಡಿಗಳಲ್ಲಿ ಎಷ್ಟು ಬೆನ್ನುಗಳು ಬಾಕಿಯಿವೆಯೆಂದು ಎಣಿಸಿದರೆ ಒಳ್ಳೆಯದು.

ಫಿಕ್ಹಿನ ಹಿರಿಯರು ನಮಗಿಂತ ದೊಡ್ಡ ಮನಸ್ಸಿನವರು. ಮದುವೆಯಾಗಿ ಆರು ತಿಂಗಳಿಗೆ ಹುಟ್ಟಿದ ಮಗುವನ್ನೂ ಅವರು ಗಂಡನದ್ದೆಂದೇ ಎಣಿಸಿದರು. ಗಂಡ ಸತ್ತ ಅಥವಾ ಬಿಟ್ಟ ಮೇಲೆ ಹುಟ್ಟಿದ ಮಗುವಿಗಾಗಿ ಹನಫಿಗಳು ಎರಡು ವರ್ಷದವರೆಗೆ, ಶಾಫಿಗಳು ನಾಲ್ಕು ವರ್ಷದವರೆಗೆ ಗರ್ಭದ ಅವಧಿಯನ್ನು ಹಿಗ್ಗಿಸಿದರು. ವೈದ್ಯಶಾಸ್ತ್ರ ಇದನ್ನು ಒಪ್ಪದಿರಬಹುದು. ಆದರೆ ಒಂದು ಕೂಸನ್ನು ನಿರ್ವಂಶ ಮಾಡುವುದಕ್ಕಿಂತ ಸಂಶಯದ ಲಾಭವನ್ನು ಅದಕ್ಕೆ ಕೊಡುವುದು ಮೇಲೆಂಬ ನಿಲುವಿನ ಫಲ ಅದು. ಯಾವ ದಾರಿಯೂ ಇಲ್ಲದಾಗಲೂ ಮಗುವಿನ ನಸಬನ್ನು ತಾಯಿಗೆ ಸೇರಿಸಿದರು. ಸುನ್ನಿ ಫಿಕ್ಹಿನಲ್ಲಿ ಅಂಥ ಮಗು ತಾಯಿಯ, ತಾಯಿಯ ಕಡೆಯವರ ವಾರಸುದಾರ. ಎಂದರೆ ತಾಯಿಯ ಹೆಸರಿನಲ್ಲಿ ದಾಖಲೆ ಎಂಬುದು ಸುಪ್ರೀಂ ಕೋರ್ಟು 2015ರಲ್ಲಿ ಹೊಸದಾಗಿ ಕಂಡುಹಿಡಿದದ್ದಲ್ಲ. ತಂದೆ ಯಾರೆಂಬ ಖಚಿತವಿಲ್ಲದೆ 'ತನ್ನ ತಂದೆಯ ಮಗ' ಎಂದೇ ಹೆಸರಾದ ಜಿಯಾದ್ ಇಬ್ನ್ ಅಬೀಹಿ ಹಜ್ರತ್ ಅಲಿಯವರ ಕಾಲದಲ್ಲಿ ಫಾರ್ಸ್ ಪ್ರಾಂತ್ಯದ ಆಡಳಿತ ನಡೆಸಿದ, ಮುಂದೆ ಮುಆವಿಯಾ ಕಾಲದಲ್ಲಿ ಬಸರಾ, ಕೂಫಾಗಳನ್ನು ಆಳಿದ. ಖಿಲಾಫತ್ತಿನ ದಫ್ತರಿನಲ್ಲಿ ಜಾಗ ಸಿಕ್ಕಿತು, ನಮ್ಮ ಊರಿನ ದಫ್ತರಿನಲ್ಲಿ ಸಿಗುವುದಿಲ್ಲವೇ?

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ತಾಯಿಯ ಹೆಸರೊಂದೇ ಸಾಕೆಂದರೆ ಗಂಡಸು ಆರಾಮವಾಗಿ ತಪ್ಪಿಸಿಕೊಳ್ಳುವುದಿಲ್ಲವೇ ಎಂದು ಕೆಲವು ಹೆಣ್ಣುಮಕ್ಕಳೇ ಕೇಳುತ್ತಾರೆ. ತಪ್ಪಿಸಿಕೊಳ್ಳಬಾರದು. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ಎಂದ ಕೂಡಲೇ ನಮಗೆ 1985ರ ಶಾಬಾನು ತೀರ್ಪು ಮಾತ್ರ ನೆನಪಾಗುತ್ತದೆ. ಅದೇ ಕಲಮು ಸಕ್ರಮವೋ ಅಕ್ರಮವೋ ಎಂದು ಭೇದವೆಣಿಸದೆ ಮಗುವಿನ ಖರ್ಚನ್ನು ತಂದೆಯ ಮೇಲೆ ಹಾಕಿತ್ತು. 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಅದನ್ನೇ ಮುಂದುವರಿಸಿದೆ. ಯಾವ ಧರ್ಮದ ತಂದೆಗೂ ಇದರಿಂದ ವಿನಾಯಿತಿಯಿಲ್ಲ. ಅವನನ್ನು ಹುಡುಕಲಿ, ಕೋರ್ಟಿಗೆ ಎಳೆಯಲಿ, ಡಿಎನ್ಎ ಪರೀಕ್ಷೆ ಮಾಡಿಸಲಿ. ಆದರೆ ಅವನು ಸಿಗುವವರೆಗೆ ಕೂಸಿನ ಕಾಗದ ಕಾಯಬಾರದು. ಓಡಿಹೋದವನ ಒಪ್ಪಿಗೆಗಾಗಿ ಉಳಿದುಕೊಂಡವಳನ್ನು ಕಾಯಿಸುವುದು ಯಾವ ನ್ಯಾಯ?

ಮಕ್ಕಳ ಸಾಗಾಟ ತಡೆಯಲು ಪರಿಶೀಲನೆ ಬೇಕೆಂಬ ಅಧಿಕಾರಿಗಳ ಮಾತನ್ನೂ ಒಪ್ಪುತ್ತೇವೆ. ಕೂಸು ಈಕೆಯದ್ದೇ ಹೌದೇ ಎಂದು ನೋಡಲಿ. ಹೆರಿಗೆಯ ದಾಖಲೆ ಕೇಳಲಿ. ಆದರೆ ಹೆತ್ತದ್ದಕ್ಕೆ ಸಾಕ್ಷಿ ಆಸ್ಪತ್ರೆಯ ಕಾಗದವೇ ಹೊರತು ಮದುವೆಯ ಕಾಗದವಲ್ಲ.

ಇದರಲ್ಲಿ ಪೆಟ್ಟು ತಿನ್ನುವವರು ಯಾರೆಂದೂ ನೋಡಬೇಕು. ಕೈಯಲ್ಲಿ ಹಣವಿದ್ದ ಜೋಡಿ ಮೂರನೆಯ ತಿಂಗಳಲ್ಲಿಯೇ ವಿಮಾನ ಹತ್ತಿ ಊರಿಗೆ ಬಂದು ಮದುವೆಯಾಗುತ್ತದೆ, ಇಲ್ಲವೇ ಪ್ರಶ್ನೆ ಕೇಳದ ದೇಶಕ್ಕೆ ಹೋಗುತ್ತದೆ. ಸಿಕ್ಕಿಬೀಳುವವಳು ಮನೆಗೆಲಸದವಳು. ಎಸ್ಸೆಸ್ಸೆಲ್ಸಿ ಪಾಸಾಗದ ಹೆಣ್ಣು 30 ತುಂಬದೆ ಕೊಲ್ಲಿಗೆ ಮನೆಗೆಲಸಕ್ಕೆ ಹೋಗುವಂತಿಲ್ಲ ಎಂಬ ನಿಯಮವನ್ನು ಸರಕಾರ ಬಹುಕಾಲದಿಂದ ಇಟ್ಟುಕೊಂಡಿದೆ. ಅವಳ ರಕ್ಷಣೆಗೇ ಮಾಡಿದ ನಿಯಮ. ಆದರೆ ಹೊಟ್ಟೆ 30 ತುಂಬುವವರೆಗೆ ಕಾಯುವುದಿಲ್ಲ. ಆಕೆ ಏಜೆಂಟನ ಮಾತು ನಂಬಿ ವಿಸಿಟ್ ವೀಸಾದಲ್ಲಿ ಹೋಗುತ್ತಾಳೆ. ಯಾವ ಪಟ್ಟಿಯಲ್ಲೂ ಆಕೆಯ ಹೆಸರಿಲ್ಲ. ಕಾಗದವಿಲ್ಲದ ತಾಯಿಗೆ ಕಾಗದವಿಲ್ಲದ ಕೂಸು.

2019ರ ಡಿಸೆಂಬರಿನಿಂದ ಮುಂದಿನ ವರ್ಷದ ಮೊದಲ ತಿಂಗಳುಗಳವರೆಗೆ ನಮ್ಮ ಹೆಂಗಸರು, ಮಕ್ಕಳು, ಮುದುಕರು ಬೀದಿಯಲ್ಲಿ ಕೂತದ್ದು ಏಕೆಂದು ಸಮುದಾಯದ ಹಿರಿಯರಿಗೆ ನೆನಪಿಸಬೇಕಾಗಿದೆ. ಹುಟ್ಟಿದ ನೆಲದಲ್ಲಿ ನಮ್ಮನ್ನು ಕಾಗದ ಕೇಳಬೇಡಿ, ಅಜ್ಜನ ದಾಖಲೆ ತರಲಾರದ ಬಡವನನ್ನು ಪರದೇಶಿ ಮಾಡಬೇಡಿ ಎಂದು ಕೂಗಿದೆವು. ಆ ಕೂಗು ನ್ಯಾಯವಾದದ್ದು. ಹಾಗೆ ಕೂಗಿದ ಬಾಯಿ ಇಂದು ಐದು ತಿಂಗಳ ಕೂಸಿನ ಮುಂದೆ ನಿಂತು ನಿಕಾಹ್‌ನಾಮಾ ಎಲ್ಲಿ ಎಂದು ಕೇಳಬಹುದೇ? ನಾವು ಬೇಡವೆಂದ ತಕ್ಕಡಿಯಲ್ಲಿ ನಮಗಿಂತ ನಿರ್ಬಲರನ್ನು ತೂಗಬಹುದೇ?

ನಾವು ಕೇಳುವುದು ಆಕಾಶವನ್ನಲ್ಲ. ವಿದೇಶದ ನಮ್ಮ ಕಾನ್ಸುಲೇಟುಗಳು ಬೇಕಾದ ಕಾಗದಗಳ ಪಟ್ಟಿಯಲ್ಲಿ 'ಮದುವೆಯ ಪತ್ರ ಇದ್ದರೆ ಮಾತ್ರ, ಇಲ್ಲದಿದ್ದರೆ ತಾಯಿಯ ಅಫಿಡವಿಟ್' ಎಂಬ ಒಂದು ಸಾಲನ್ನು ಕನ್ನಡ, ಮಲಯಾಳ, ತೆಲುಗು, ಉರ್ದು ಭಾಷೆಗಳಲ್ಲಿ ಬರೆದು ಗೋಡೆಗೆ ಅಂಟಿಸಲಿ. ನಮ್ಮ ಜನನ ನೋಂದಣಿ ಕಚೇರಿಗಳ ಸಿಬ್ಬಂದಿಗೆ 2015ರ ತೀರ್ಪನ್ನೂ 60 ದಿನಗಳ ಕಲಮನ್ನೂ ಯಾರಾದರೂ ಓದಿ ಹೇಳಲಿ. ಕಾಯಿದೆಯಲ್ಲಿ 'ತಂದೆ ತಾಯಿಗಳು ಮರಳಿದರೆ' ಎಂದಿದೆ, ಒಬ್ಬಳೇ ಬಂದರೆ ನಡೆಯುವುದಿಲ್ಲ ಎಂಬ ಕುತರ್ಕವನ್ನು ನಾವು ಕಿವಿಯಾರೆ ಕೇಳಿದ್ದೇವೆ. ಒಂಟಿ ತಾಯಿಯನ್ನು ಕಾಯಿದೆಯೇ ಒಪ್ಪಿದ ಮೇಲೆ ಅದು ಅರ್ಥವಿಲ್ಲದ ಮಾತು.

ದೊಡ್ಡ ಬೇಡಿಕೆ ನಮ್ಮವರಲ್ಲಿಯೇ. ಕೊಲ್ಲಿಯ ಪ್ರತಿಯೊಂದು ಜಮಾಅತು, ಪ್ರತಿಯೊಂದು ಕನ್ನಡ, ಕೊಂಕಣಿ, ತುಳು ಸಂಘ ಮಯ್ಯತ್ತಿನ ಕೆಲಸಕ್ಕೆ ಇಟ್ಟ ಹಾಗೆಯೇ ಹುಟ್ಟಿದ ಕೂಸಿನ ಕೆಲಸಕ್ಕೂ ಇಬ್ಬರನ್ನು ಇಡಲಿ, ಅವರಲ್ಲಿ ಒಬ್ಬರು ಹೆಂಗಸಾಗಿರಲಿ. ಕೇಳಬೇಕಾದ ಪ್ರಶ್ನೆ ಎರಡೇ: ಕೂಸು ಹುಟ್ಟಿದ್ದು ಯಾವಾಗ, ಅರ್ಜಿ ಹಾಕಿದ್ದೀಯಾ? ಮೂರನೆಯ ಪ್ರಶ್ನೆ ಕೇಳುವ ಹಕ್ಕು ಅಲ್ಲಾಹನದ್ದು. ಅದನ್ನು ಆತನಿಗೇ ಬಿಡೋಣ.

ಬಿಣಗಾದ ಆ ಕೂಸಿನ ವಿಷಯ ಏನಾಯಿತೆಂದು ಓದುಗರು ಕೇಳಬಹುದು. ತಾಯಿಯ ಅಫಿಡವಿಟ್, ಅರಬ್ಬಿ ಪತ್ರದ ಅನುವಾದ, ತೀರ್ಪಿನ ಝೆರಾಕ್ಸ್ ಕಟ್ಟಿಕೊಂಡು ನಾವೂ ಜೊತೆಗೆ ಹೋದೆವು. ಐವತ್ತೆರಡನೆಯ ದಿನ ಅರ್ಜಿ ತೆಗೆದುಕೊಂಡು ಸ್ವೀಕೃತಿ ಕೊಟ್ಟರು. ತಂದೆಯ ಹೆಸರಿನ ಜಾಗ ಖಾಲಿ ಬಿಡಲು ಗುಮಾಸ್ತರಿಗೆ ಮನಸ್ಸಾಗಲಿಲ್ಲ, ಆದರೂ ಬಿಟ್ಟರು. ಪೌರತ್ವದ ಅರ್ಜಿ ಹುಟ್ಟಿದ ಊರಿನ ಕಾನ್ಸುಲೇಟಿಗೆ ಹೋಗಬೇಕು. ಅದಕ್ಕೆ ವರ್ಷದಲ್ಲಿ ಇನ್ನೂ ಕೆಲವು ತಿಂಗಳು ಬಾಕಿಯಿವೆ. ಅಲ್ಲಿ ಆಕೆಯ ಪರವಾಗಿ ಕೌಂಟರಿನ ಮುಂದೆ ನಿಲ್ಲುವ ಒಬ್ಬ ಮನುಷ್ಯನನ್ನು ಹುಡುಕುತ್ತಿದ್ದೇವೆ. ಪರಿಚಯದ ಮೂರು ಸಂಘಗಳಿಗೆ ಬರೆದೆವು. ಎರಡರಿಂದ ಉತ್ತರವಿಲ್ಲ. ಮೂರನೆಯವರು, ಇಂಥ ವಿಷಯಕ್ಕೆ ನಮ್ಮ ಸಂಘದ ಹೆಸರು ಬೇಡ ಎಂದು ಬರೆದಿದ್ದಾರೆ. ಕಳೆದ ವರ್ಷ ಅವರೇ ನಮ್ಮ ಪರಿಚಯದ ಒಬ್ಬನ ಮಯ್ಯತ್ತನ್ನು ಮೂರೇ ದಿನದಲ್ಲಿ ಊರಿಗೆ ಕಳಿಸಿಕೊಟ್ಟವರು.

ಅವರಿಗೆ ಮತ್ತೆ ಬರೆಯುತ್ತಿದ್ದೇವೆ. ಈ ಲೇಖನವನ್ನೂ ಅದರ ಜೊತೆಗಿಟ್ಟು ಕಳಿಸುತ್ತೇವೆ.